ಬೇಲಿಯ ಕವಳೆ, ಹಿತ್ತಲಿನ ನೇರಳೆ: ಕೊಯ್ಲು ಮತ್ತು ಸಂರಕ್ಷಣೆಯ ಕ್ರಮ

ಅರಸೀಕೆರೆ ತಾಲ್ಲೂಕಿನ ಮಾಲೇಕಲ್ಲು ತಿರುಪತಿ ಬೆಟ್ಟದ ಸುತ್ತಲಿನ ಕುರುಚಲು ಪ್ರದೇಶದಲ್ಲಿ, ಹೊಲದ ಬದುಗಳಲ್ಲಿ ಹಾಗೂ ತೆಂಗಿನ ತೋಟಗಳ ಬೇಲಿಗಳಲ್ಲಿ ಕವಳೆ ಗಿಡವು ಯಾರೂ ನೀರೆರೆಯದೆ ಬೆಳೆಯುತ್ತದೆ. ಬೇಸಿಗೆಯಲ್ಲಿ ಮಲ್ಲಿಗೆಯನ್ನು ಹೋಲುವ ಬಿಳಿಯ ಹೂ ಬಿಟ್ಟು, ಮುಂಗಾರಿನ ಮೊದಲ ಮಳೆಗಳೊಡನೆ ಕಾಯಿ ಬಲಿತು, ಆಷಾಢದ ರಥೋತ್ಸವದ ವೇಳೆಗೆ ಹಣ್ಣು ಮುಗಿಯುತ್ತ ಬರುತ್ತದೆ. ಅದೇ ಹೊತ್ತಿಗೆ ನೇರಳೆ ಉದುರತೊಡಗುತ್ತದೆ. ಬಿತ್ತನೆಗೆ ಹಣ ಹೊರಟು, ಬೆಳೆಯಿಂದ ಏನೂ ಬಾರದ ತಿಂಗಳುಗಳಿವು. ಆದುದರಿಂದ ಕೂಲಿ ಕುಟುಂಬದ ಮಹಿಳೆಗೆ ಒಂದು ಬುಟ್ಟಿ ಕವಳೆಯ ಹಣವೂ ಸಣ್ಣದಲ್ಲ.

ತೊಡಕಿರುವುದು ಕಾಲದಲ್ಲಿ. ಕೊಯ್ದ ಕವಳೆ ಹಣ್ಣು ಮೂರು ನಾಲ್ಕು ದಿನ, ನೇರಳೆ ಒಂದೆರಡು ದಿನ ಮಾತ್ರ ನಿಲ್ಲುತ್ತದೆ. ಸಂಜೆಗೆ ಬುಟ್ಟಿಯಲ್ಲಿ ಉಳಿದುದನ್ನು ಕೊಳ್ಳುವವರು ಕೇಳಿದ ಬೆಲೆಗೆ ಕೊಡಬೇಕು, ಇಲ್ಲವೇ ತಿಪ್ಪೆಗೆ ಸುರಿಯಬೇಕು. ಹಣ್ಣನ್ನು ಕ್ರಮವರಿತು ಕಾಪಿಟ್ಟರೆ ಮಾರುವ ದಿನವನ್ನು ಮಾರುವವರೇ ನಿಶ್ಚಯಿಸಬಹುದು.

ಕವಳೆಯನ್ನು ಯಾವುದಕ್ಕೆ ಬಳಸಬೇಕೆಂಬುದು ಕೊಯ್ಯುವಾಗಲೇ ತೀರ್ಮಾನವಾಗಬೇಕು. ಹಸಿರಾಗಿ ಬಲಿತ ಕಾಯಿ ಉಪ್ಪಿನಕಾಯಿಗೆ ಸೂಕ್ತ. ಕೆಂಪಡರಿದ ಹಂತದಲ್ಲಿ ಹುಳಿಯೂ ಹೆಪ್ಪುಗಟ್ಟಿಸುವ ಪೆಕ್ಟಿನ್ ಅಂಶವೂ ಹೇರಳವಾಗಿರುವುದರಿಂದ ಅದು ಜೆಲ್ಲಿ ಮತ್ತು ಜಾಮ್‌ಗೆ ಒಳ್ಳೆಯದು. ಪೂರ್ಣ ಕಪ್ಪಾದ ಹಣ್ಣು ತಿನ್ನಲು, ಷರಬತ್ತಿಗೆ ರುಚಿಕರ. ಆದರೆ ಅದರಲ್ಲಿ ಪೆಕ್ಟಿನ್ ಕುಗ್ಗಿರುವುದರಿಂದ ಅದೊಂದರಿಂದಲೇ ಮಾಡಿದ ಜೆಲ್ಲಿ ಎಷ್ಟು ಕುದಿಸಿದರೂ ಗಟ್ಟಿಯಾಗದೆ ಪಾಕವಾಗಿಯೇ ಉಳಿಯುತ್ತದೆ. ಕಾಯಿಯನ್ನು ಕಿತ್ತಾಗ ಒಸರುವ ಹಾಲು ಅಂಟಾಗಿ ಕೈಗೂ ಪಾತ್ರೆಗೂ ಹಿಡಿಯುತ್ತದೆ. ತೊಟ್ಟಿನೊಡನೆ ಬಿಡಿಸಿ, ಕೆಲಕಾಲ ಉಪ್ಪುನೀರಿನಲ್ಲಿ ನೆನೆಸಿ ತೊಳೆದರೆ ಅದು ಹೋಗುತ್ತದೆ. ಪೊದೆಗೆ ಕೈಹಾಕುವ ಮುನ್ನ ಕೋಲಿನಿಂದ ಬುಡವನ್ನು ತಟ್ಟಿ ನೋಡುವುದನ್ನು ಮರೆಯಬಾರದು; ಹಾವುಗಳಿಗೂ ಅದು ತಂಪಾದ ಜಾಗ. ಮುಳ್ಳಿಗೆ ಅಂಜಿ ಕೊಂಬೆಯನ್ನೇ ಕಡಿದು ನೆಲಕ್ಕೆ ಬಡಿಯುವ ರೂಢಿ ಕೆಲವೆಡೆ ಇದೆ. ಮುಂದಿನ ವರ್ಷ ಹಣ್ಣು ಕೊಡಬೇಕಾದ ಕೊಂಬೆಯೂ ಅದೇ.

ನೇರಳೆಯ ಮರದ ಕೊಂಬೆ ಪೆಡಸು, ಮುನ್ಸೂಚನೆ ಕೊಡದೆ ಮುರಿಯುತ್ತದೆ. ಮರ ಹತ್ತುವುದಕ್ಕಿಂತ ಕೆಳಗೆ ಟಾರ್ಪಾಲು ಅಥವಾ ಹಳೆಯ ಸೀರೆ ಹಾಸಿ, ಉದ್ದನೆಯ ಕೊಕ್ಕೆಗೋಲಿನಿಂದ ಅಲುಗಿಸುವುದೇ ಲೇಸು. ಮಕ್ಕಳನ್ನು ಮರಕ್ಕೆ ಹತ್ತಿಸಕೂಡದು.

ಉಪ್ಪಿನಕಾಯಿಯಲ್ಲಿ ಕಾಪಾಡುವ ವಸ್ತು ಉಪ್ಪು, ಖಾರವಲ್ಲ. ಒಂದು ಕಿಲೋ ಕಾಯಿಗೆ 150ರಿಂದ 200 ಗ್ರಾಂ ಉಪ್ಪು ಬೇಕು. ನಾಲಗೆಗೆ ಹಿತವಾಗಲೆಂದು ಅದನ್ನು ಅರ್ಧಕ್ಕಿಳಿಸಿದವರು ಭರಣಿಯನ್ನು ಫ್ರಿಜ್‌ನಲ್ಲಿಟ್ಟು ಬೇಗ ಬಳಸಬೇಕೇ ಹೊರತು ಅಂಗಡಿಗೆ ಕಳುಹಿಸಬಾರದು. ತೊಳೆದ ಕಾಯಿಯ ಮೇಲೆ ನೀರಿನ ಪಸೆ ಇರದಂತೆ ಬಟ್ಟೆಯ ಮೇಲೆ ಹರಡಿ ಆರಿಸುವುದು ಅಷ್ಟೇ ಮುಖ್ಯ. ಹುಳಿಯ ಹಣ್ಣುಗಳಿಗೆ ಅಲ್ಯೂಮಿನಿಯಂ ಮತ್ತು ತಾಮ್ರದ ಪಾತ್ರೆ ಸಲ್ಲದು. ಸ್ಟೀಲು, ಗಾಜು, ಪಿಂಗಾಣಿ ಆಗಬಹುದು.

ಜಾಮ್ ಕೆಡುವುದು ಬಹುಪಾಲು ಒಲೆಯ ಮುಂದೆ. ಜಾಮ್‌ನಲ್ಲಿ ಹಣ್ಣಿನ ಪಾಲು ಶೇ. 45ಕ್ಕೂ, ಕರಗಿದ ಘನಾಂಶ ಶೇ. 65ಕ್ಕೂ ಕಡಿಮೆಯಾಗಬಾರದೆಂಬುದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮ. ಕವಳೆಯ ಹುಳಿಗೆ ಒಂದು ಕಿಲೋ ತಿರುಳಿಗೆ ಸುಮಾರು ಒಂದು ಕಿಲೋ ಸಕ್ಕರೆ ಹಿಡಿಯುತ್ತದೆ. ಪಾಕ 105 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಇಳಿಸಬೇಕೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ಆ ಅಂಕಿ ಸಮುದ್ರಮಟ್ಟದ್ದು. ಅರಸೀಕೆರೆ ಸುಮಾರು 800 ಮೀಟರ್ ಎತ್ತರದಲ್ಲಿದೆ, ಬೇಲೂರು ಇನ್ನೂ ಮೇಲೆ. ಇಲ್ಲಿ ನೀರು ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಆದ್ದರಿಂದ 105ಕ್ಕೆ ಕಾದು ನಿಂತರೆ ಜಾಮ್ ಕಪ್ಪಿಟ್ಟು ಕಲ್ಲಿನಂತಾಗುತ್ತದೆ. ಮೊದಲು ಬರಿಯ ನೀರನ್ನು ಕುದಿಸಿ ಉಷ್ಣಮಾಪಕದಲ್ಲಿ ನೋಡಿಕೊಂಡು, ಅದಕ್ಕೆ ಐದು ಡಿಗ್ರಿ ಸೇರಿಸಿದ ಅಂಕಿಯನ್ನು, ಅಂದರೆ ಇಲ್ಲಿ ಸುಮಾರು 102ನ್ನು, ಗುರಿಯಾಗಿ ಇಟ್ಟುಕೊಳ್ಳಬೇಕು. ಉಷ್ಣಮಾಪಕ ಇಲ್ಲದವರಿಗೆ ಅಜ್ಜಿಯರ ಪರೀಕ್ಷೆಯೇ ಸಾಕು: ತಣ್ಣನೆಯ ತಟ್ಟೆಗೆ ಒಂದು ತೊಟ್ಟು ಹಾಕಿ ಬೆರಳಿನಿಂದ ತಳ್ಳಿದಾಗ ಮೇಲ್ಮೈ ಸುಕ್ಕುಗಟ್ಟಬೇಕು.

ಷರಬತ್ತಿನಲ್ಲಿ ಇನ್ನೊಂದು ಎಚ್ಚರಿಕೆ. ಬಿಳಿಯ ರಸಗಳಿಗೆ ಹಾಕುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟನ್ನು ಕವಳೆ, ನೇರಳೆಗಳಿಗೆ ಹಾಕಿದರೆ ಅವುಗಳ ಕೆಂಪು ಬಣ್ಣ ಮಾಸುತ್ತದೆ. ಇವುಗಳಿಗೆ ಸೋಡಿಯಂ ಬೆಂಜೋಯೇಟ್ ಬಳಸುವುದು ವಾಡಿಕೆ. ಇದನ್ನು ಚಿಟಿಕೆಯ ಲೆಕ್ಕದಲ್ಲಿ ಹಾಕುವಂತಿಲ್ಲ, ತಕ್ಕಡಿಯಲ್ಲಿ ತೂಗಿಯೇ ಹಾಕಬೇಕು. ಕಂದಲಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ ಪ್ರಮಾಣವನ್ನು ಕೇಳಿ ತಿಳಿದುಕೊಂಡ ಬಳಿಕವೇ ಮಾರಾಟಕ್ಕೆ ತಯಾರಿಸುವುದು ಉಚಿತ.

ಸಂಕ್ರಾಂತಿಯಲ್ಲಿ ಮಕ್ಕಳ ತಲೆಗೆ ಎರೆಯುವ ಎಲಚಿ ಹಣ್ಣಿಗೆ ಇಷ್ಟೆಲ್ಲ ಉಪಚಾರ ಬೇಡ. ಜಾಲರಿ ಮುಚ್ಚಿ ಬಿಸಿಲಿನಲ್ಲಿ ಒಣಗಿಸಿ, ಕುಟ್ಟಿ, ಬೆಲ್ಲ, ಉಪ್ಪು, ಒಣಮೆಣಸಿನಕಾಯಿ ಸೇರಿಸಿ ತಟ್ಟಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಗಣಿಕೆ ಹಣ್ಣನ್ನು ಪೂರ್ಣ ಮಾಗಿದ ಮೇಲೆಯೇ ತಿನ್ನಬೇಕು. ಹಸಿರು ಕಾಯಿ ವಿಷಕಾರಿ. ಲಂಟಾನದ ಹಸಿರು ಕಾಯಿ ಮತ್ತು ಗುಲಗಂಜಿ ಬೀಜಗಳಿಂದ ಮಕ್ಕಳನ್ನು ದೂರವಿಡಬೇಕು.

ಮಾರಾಟ ಮಾಡುವ ಸ್ವಸಹಾಯ ಸಂಘಗಳು ಆಹಾರ ಸುರಕ್ಷತಾ ನೋಂದಣಿಯನ್ನು ಪಡೆಯುವುದು ಕಡ್ಡಾಯ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆ ಯೋಜನೆಯು ಆಹಾರ ಸಂಸ್ಕರಣೆಯಲ್ಲಿ ತೊಡಗಿದ ಸಂಘದ ಪ್ರತಿ ಸದಸ್ಯೆಗೆ 40,000 ರೂ.ಗಳವರೆಗೆ ಬೀಜಧನವನ್ನು ರೂಪಿಸಿತ್ತು. ಸದ್ಯದ ಲಭ್ಯತೆಯನ್ನು ಸಂಜೀವಿನಿ ಒಕ್ಕೂಟದ ಮೂಲಕ ವಿಚಾರಿಸಬಹುದು. ಹೊಯ್ಸಳ ದೇಗುಲಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿರುವುದರಿಂದ ಬೇಲೂರು, ಹಳೇಬೀಡುಗಳಿಗೆ ಬರುವ ಪ್ರವಾಸಿಗರು ಹತ್ತಿರದ ಗ್ರಾಹಕರು. ಆದರೆ ನೇರಳೆ ಬೀಜದ ಪುಡಿಯ ಪೊಟ್ಟಣದ ಮೇಲೆ ‘ಮಧುಮೇಹಕ್ಕೆ ಔಷಧ’ ಎಂದು ಅಚ್ಚುಹಾಕಿಸಕೂಡದು. ಅಂತಹ ಜಾಹೀರಾತನ್ನು 1954ರ ಕಾಯ್ದೆಯು ನಿಷೇಧಿಸಿದೆ. ಅರಣ್ಯ ಇಲಾಖೆಯ ಪ್ರದೇಶದಲ್ಲಿ ಸಂಗ್ರಹಿಸುವ ಮುನ್ನ ವಲಯ ಕಚೇರಿಯಲ್ಲಿ ವಿಚಾರಿಸಬೇಕು.

ಗಿಡವೇ ಉಳಿಯದಿದ್ದರೆ ಭರಣಿಗೆ ಕೆಲಸವಿಲ್ಲ. ರಸ್ತೆ ಅಗಲೀಕರಣ, ಬದು ನಿರ್ಮಾಣಗಳಲ್ಲಿ ಜೆಸಿಬಿಯ ಮೊದಲ ಪೆಟ್ಟು ಬೀಳುವುದು ಕವಳೆಯ ಬೇಲಿಗೆ. ಅಂದಾಜು ಪಟ್ಟಿಯಲ್ಲಿ ಅದರ ಹೆಸರು ‘ಮುಳ್ಳುಗಂಟಿ ತೆರವು’. ಕಾಮಗಾರಿಯ ಗುರುತು ಹಾಕುವ ಮುನ್ನವೇ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಇಂತಹ ಬೇಲಿಗಳನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಮೂದಿಸಿದರೆ ಬದಲಿ ಜಾಡನ್ನು ಆಲೋಚಿಸಲು ಅವಕಾಶವಿರುತ್ತದೆ. ಹೊಸದಾಗಿ ಬೆಳೆಸುವವರು ಹಣ್ಣಿನಿಂದ ತೆಗೆದ ಬೀಜವನ್ನು ಕೂಡಿಡದೆ ಅದೇ ವಾರ ಪಾತಿಗೆ ಹಾಕಬೇಕು, ಏಕೆಂದರೆ ಮೊಳೆಯುವ ಶಕ್ತಿ ಬೇಗ ಕುಂದುತ್ತದೆ. ಸಸಿಗಳನ್ನು ಮುಂದಿನ ಮುಂಗಾರಿನಲ್ಲಿ ಎರಡು ಮೂರು ಅಡಿಗೊಂದರಂತೆ ಬೇಲಿಯ ಸಾಲಿನಲ್ಲಿ ನೆಡಬಹುದು.