ಹಣ ಬರಲು ಪಿನ್ ಬೇಡ

ಅಕ್ಕಂದಿರೇ, ಸಂತೆಯಲ್ಲಿ ನೀವು ನೋಡಿರಬಹುದು. ಸೊಪ್ಪು ಮಾರುವವಳ ಬುಟ್ಟಿಯ ಪಕ್ಕ ಒಂದು ರಟ್ಟು ಇರುತ್ತದೆ. ಅದರ ಮೇಲೆ ಕಪ್ಪು ಬಿಳುಪಿನ ಚೌಕ. ಅದೇ ಕ್ಯೂಆರ್ ಕೋಡ್. ಗಿರಾಕಿ ಅದರ ಮುಂದೆ ಫೋನು ಹಿಡಿಯುತ್ತಾನೆ. "ಇಪ್ಪತ್ತು ರೂಪಾಯಿ ಹಾಕಿದೆ ಅಕ್ಕಾ" ಅಂತಾನೆ. ನೋಟು ಇಲ್ಲ, ಚಿಲ್ಲರೆ ಇಲ್ಲ. ಹಾಗಾದರೆ ಹಣ ಹೇಗೆ ಬಂತು?

ಹಣ ಫೋನಿನೊಳಗೆ ಇರುವುದಿಲ್ಲ. ಬ್ಯಾಂಕಿನ ಖಾತೆಯಲ್ಲಿ ಇರುತ್ತದೆ. ಫೋನು ಬ್ಯಾಂಕಿಗೆ ಸುದ್ದಿ ಮುಟ್ಟಿಸುತ್ತದೆ, ಅಷ್ಟೇ. ಗಿರಾಕಿಯ ಖಾತೆಯಲ್ಲಿ ಇಪ್ಪತ್ತು ಕಳೆಯುತ್ತದೆ. ಮಾರುವವಳ ಖಾತೆಗೆ ಇಪ್ಪತ್ತು ಸೇರುತ್ತದೆ. ಈ ಏರ್ಪಾಡಿನ ಹೆಸರು ಯುಪಿಐ. ನಮ್ಮ ದೇಶದಲ್ಲಿ ಇದು 2016ರಲ್ಲಿ ಶುರುವಾಯಿತು. ಫೋನ್‌ಪೇ, ಗೂಗಲ್ ಪೇ, ಭೀಮ್ ಎಲ್ಲವೂ ಈ ದಾರಿಯಲ್ಲೇ ಹಣ ಕಳಿಸುತ್ತವೆ.

ವಾಲೆಟ್ ಅಂದರೆ ಬೇರೆ. ಅದು ಎಲೆ ಅಡಿಕೆ ಸಂಚಿ ಇದ್ದ ಹಾಗೆ. ಮೊದಲು ಅದಕ್ಕೆ ಹಣ ತುಂಬಬೇಕು. ತುಂಬಿದಷ್ಟೇ ಖರ್ಚು ಮಾಡಬಹುದು.

ಯುಪಿಐಗೆ ಪಿನ್ ಎಂಬ ಗುಟ್ಟಿನ ಸಂಖ್ಯೆ ಇರುತ್ತದೆ. ಅದರಲ್ಲಿ 4 ಅಥವಾ 6 ಅಂಕಿ. ಇದು ನಿಮ್ಮ ಪೆಟ್ಟಿಗೆಯ ಬೀಗದ ಕೈ. ನಿಮ್ಮ ಹಣ ತೆಗೆಯಲು, ಎಷ್ಟಿದೆ ಎಂದು ನೋಡಲು ಅದು ಬೇಕು. ಯಾರೋ ನಿಮಗೆ ಹಣ ಕೊಟ್ಟರೆ ಬೇಡವೇ ಬೇಡ.

ಮೋಸಗಾರರು ಇಲ್ಲೇ ಹೊಂಚು ಹಾಕುತ್ತಾರೆ. "ಅಮ್ಮಾ, ನಿಮಗೆ ಬಹುಮಾನ ಬಂದಿದೆ. ಪಿನ್ ಒತ್ತಿ" ಅಂತಾರೆ. ಒತ್ತಿದರೆ ಹಣ ಬರುವುದಿಲ್ಲ, ಹೋಗುತ್ತದೆ!

ಹಣ ಕಳಿಸುವ ಮುಂಚೆ ಎರಡು ವಿಷಯ ಓದಿ. ಒಂದು, ಯಾರ ಹೆಸರು ಬಂದಿದೆ? ಎರಡು, ಎಷ್ಟು ರೂಪಾಯಿ? 200ಕ್ಕೆ ಒಂದು ಸೊನ್ನೆ ಹೆಚ್ಚಾದರೆ 2000 ಆಗುತ್ತದೆ. ಹಣ ಬಂತೋ ಇಲ್ಲವೋ ಅಂತ ಗಿರಾಕಿಯ ಫೋನಿನಲ್ಲಿ ನೋಡಬೇಡಿ. ನಿಮ್ಮ ಖಾತೆಯಲ್ಲೇ ನೋಡಿ.

ಮೋಸವಾದರೆ ನಾಚಿಕೆ ಬೇಡ, ತಡವೂ ಬೇಡ. ಕೂಡಲೇ 1930ಕ್ಕೆ ಫೋನ್ ಮಾಡಿ. ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದರೆ ಹಣವನ್ನು ದಾರಿಯಲ್ಲೇ ತಡೆಯಲು ಆಗಬಹುದು.

ಗೃಹಲಕ್ಷ್ಮಿ ಹಣ 2023ರಿಂದ ಮನೆಯ ಯಜಮಾನಿಯ ಖಾತೆಗೇ ಬರುತ್ತಿದೆ. ಡೇರಿಯ ಹಾಲಿನ ಹಣವೂ ಎಷ್ಟೋ ಕಡೆ ಖಾತೆಗೇ ಬರುತ್ತದೆ. ಖಾತೆ ನಿಮ್ಮದು. ಆದರೆ ಪಿನ್ ಗಂಡನಿಗೋ ಮಗನಿಗೋ ಮಾತ್ರ ಗೊತ್ತಿದ್ದರೆ? ಹೆಸರು ಓದಲು, ಅಂಕಿ ಓದಲು ನೀವು ಈಗ ಕಲಿತಿದ್ದೀರಿ. ನಿಮ್ಮ ಬೀಗದ ಕೈ ನಿಮ್ಮ ಸೆರಗಿನಲ್ಲೇ ಇರಲಿ.

ಮಾತಾಡೋಣ: ನಿಮ್ಮ ಖಾತೆಯಲ್ಲಿ ಇವತ್ತು ಎಷ್ಟು ಹಣ ಇದೆ? ಅದನ್ನು ನೀವೇ ನೋಡಬಲ್ಲಿರಾ?