ಬಕೆಟ್ ಅಜೋಲಾದಲ್ಲಿ ಮೇವೆಷ್ಟು, ನೀರೆಷ್ಟು?

ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದ ದೇವರು ಸಂತಾನ ವೇಣುಗೋಪಾಲಸ್ವಾಮಿ, ಅಂದರೆ ಹಸು ಕಾಯುವ ಕೃಷ್ಣ. ಪಕ್ಕದ ತಿ. ನರಸೀಪುರ ತಾಲ್ಲೂಕಿನಲ್ಲಿರುವ ಬನ್ನೂರು, ಮಾಂಸದ ರುಚಿಗೆ ಹೆಸರಾದ ಗಿಡ್ಡ ಕಾಲಿನ ಕುರಿಗೆ ತನ್ನ ಹೆಸರನ್ನೇ ಕೊಟ್ಟ ಊರು. ಕಬಿನಿ, ಕಾವೇರಿಯ ನೀರು ಹರಿಯುವ ಈ ಸೀಮೆಯಲ್ಲಿ ಹುಲ್ಲು ಸೊಪ್ಪು ಸಿಗುವುದು ಕಷ್ಟವಲ್ಲ. ಮೇವಿನ ಖರ್ಚು ಉಳಿಸಲು ಹೊರಟವರು ಎಡವುವುದು ಹೆಚ್ಚಾಗಿ ಲೆಕ್ಕದಲ್ಲಿ.

ತೊಟ್ಟಿಯ ನೀರಿನ ಮೇಲೆ ತೇಲಿ ಬೆಳೆಯುವ ಮೇವಿನ ಸಸ್ಯ ಅಜೋಲಾವನ್ನೇ ನೋಡಿ. ಅದರಲ್ಲಿ ಶೇ. 25ರಷ್ಟು ಪ್ರೋಟೀನ್ ಇದೆ, ಹಾಗಾಗಿ ಹಿಂಡಿ ಬೂಸಾ ಕೊಳ್ಳಬೇಕಿಲ್ಲ ಎಂಬ ಮಾತು ಹಬ್ಬಿದೆ. ಶೇ. 25 ನಿಜ, ಆದರೆ ಅದು ಒಣಗಿಸಿದ ಮೇಲಿನ ಲೆಕ್ಕ. ತೊಟ್ಟಿಯಿಂದ ಬಾಚಿದ ಹಸಿ ಅಜೋಲಾದಲ್ಲಿ ನೂರಕ್ಕೆ ತೊಂಬತ್ತಮೂರು, ತೊಂಬತ್ತನಾಲ್ಕು ಪಾಲು ಬರೀ ನೀರು. 2 ಕೆ.ಜಿ. ಹಾಕಿದರೆ ರಾಸಿನ ಹೊಟ್ಟೆಗೆ ಸೇರುವ ಪ್ರೋಟೀನ್ ಸುಮಾರು 30 ಗ್ರಾಂ. ಒಂದು ಹಿಡಿ ಕಡಲೆಕಾಯಿ ಹಿಂಡಿಯಲ್ಲೂ ಅಷ್ಟು ಇರುತ್ತದೆ. ಹಿಂಡಿಯ ಜೊತೆಗೆ ಅಜೋಲಾ ಒಳ್ಳೆಯದು, ಹಿಂಡಿಗೆ ಬದಲಿಯಲ್ಲ.

ತಟ್ಟೆಯಲ್ಲಿ ಮೊಳಕೆ ಬರಿಸಿ ಬೆಳೆಸುವ ಹೈಡ್ರೋಪೋನಿಕ್ಸ್ ಮೇವಿನದೂ ಇದೇ ಕತೆ. ಒಂದು ಕೆ.ಜಿ. ಮುಸುಕಿನ ಜೋಳ ಐದಾರು ಕೆ.ಜಿ. ಹಸಿರಾಗುವುದು ಸುಳ್ಳಲ್ಲ, ಹೆಚ್ಚಿದ್ದು ನೀರಿನ ತೂಕ ಮಾತ್ರ. ಮೊಳೆಯುವಾಗ ಕಾಳು ತನ್ನಲ್ಲಿದ್ದ ಪಿಷ್ಟವನ್ನೇ ಉರಿಸಿಕೊಳ್ಳುವುದರಿಂದ ಒಣ ಪದಾರ್ಥ ಮೊದಲಿಗಿಂತ ಕಡಿಮೆಯಾಗುತ್ತದೆ.

ನೆಲ್ಲು ಹುಲ್ಲು ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ. ಅದರಲ್ಲಿ ಪ್ರೋಟೀನ್ ಶೇ. 3–4 ಅಷ್ಟೇ. ಇದಕ್ಕೆ ಹಳೆಯ, ಅಗ್ಗದ ಮದ್ದು ಯೂರಿಯಾ ಉಪಚಾರ. ‘ಯೂರಿಯಾ ವಿಷ’ ಎಂಬ ಹೆದರಿಕೆಗೆ ಕಾರಣವಿದೆ: ಕುಡಿಯುವ ನೀರಿಗೆ ಬೆರೆಸಿದರೆ ರಾಸು ಸಾಯಬಹುದು. ಆದರೆ 100 ಕೆ.ಜಿ. ಒಣ ಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಕರಗಿಸಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ 21 ದಿನ ಮುಚ್ಚಿಟ್ಟರೆ ಅದು ಅಮೋನಿಯಾ ಆಗಿ ಹುಲ್ಲನ್ನು ಮೆತ್ತಗಾಗಿಸುತ್ತದೆ. ತೆರೆದ ಮೇಲೆ ಘಾಟು ಆರಲು ಬಿಟ್ಟು ಕೊಡಬೇಕು. ಆರು ತಿಂಗಳೊಳಗಿನ ಕರುವಿಗೆ ಕೊಡಬಾರದು.

ಇವೆಲ್ಲಕ್ಕಿಂತ ಒಳ್ಳೆಯ ಮೇವು ಈ ಕಡೆಯ ಹೊಲಗಳಲ್ಲೇ ಇದೆ: ಹಿಪ್ಪುನೇರಳೆ. ಮೈಸೂರು ಸಿಲ್ಕ್ ಸೀರೆಗೆ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆ ಇರುವುದು ತಿ. ನರಸೀಪುರದಲ್ಲಿ. ರೇಷ್ಮೆ ಹುಳುವಿನ ಆಹಾರವೆಂದಷ್ಟೇ ಜನ ತಿಳಿದಿರುವ ಹಿಪ್ಪುನೇರಳೆ ಸೊಪ್ಪಿನ ಒಣ ತೂಕದಲ್ಲಿ ಶೇ. 15ರಿಂದ 25ರವರೆಗೆ ಪ್ರೋಟೀನ್ ಉಂಟು, ಸುಲಭವಾಗಿ ಅರಗುತ್ತದೆ, ಆಡು ಕುರಿ ಬಿಡದೆ ತಿನ್ನುತ್ತವೆ. ಬೆಳೆ ಮುಗಿದ ಮೇಲೆ ಉಳಿದ ಸೊಪ್ಪು, ಬಲಿತು ಹುಳುವಿಗೆ ಬಾರದ ಎಲೆ, ಬದುವಿನ ಮೇಲೆ ಬೆಳೆದ ಗಿಡ, ಎಲ್ಲವೂ ಮೇವೇ. ಒಂದು ಎಚ್ಚರಿಕೆ: ಸುಣ್ಣ, ಸೋಂಕುನಿವಾರಕ ಪುಡಿ ಉದುರಿಸಿದ, ಹುಳು ಸಾಕಿದ ಹಾಸಿಗೆಯ ಸೊಪ್ಪು ಕೊಟ್ಟಿಗೆಗೆ ಬರಬಾರದು.

ಮೇವಿನ ಮರ ಸುಬಾಬುಲ್‌ನ ಸೊಪ್ಪು ತಿಂದರೆ ರಾಸಿನ ಕೂದಲು ಉದುರುತ್ತದೆ ಎಂಬುದು ಅರ್ಧ ಸತ್ಯ. ಅದರಲ್ಲಿರುವ ಮಿಮೋಸಿನ್ ಎಂಬ ವಿಷ ಅದಕ್ಕೆ ಕಾರಣ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಈ ವಿಷವನ್ನು ಒಡೆಯುವ ಸೂಕ್ಷ್ಮಜೀವಿಗಳಿರಬಹುದೆಂದು ಆಸ್ಟ್ರೇಲಿಯಾದ ರೇಮಂಡ್ ಜೋನ್ಸ್ 1980ರ ದಶಕದಲ್ಲಿ ಹವಾಯಿಯ ಆಡುಗಳಿಂದ ಕಂಡುಕೊಂಡರು. ಆದ್ದರಿಂದ ಆಡಿಗೆ, ಹಸುವಿಗೆ ಹಸಿರು ಮೇವಿನ ಮೂರರಲ್ಲೊಂದು ಪಾಲು ಮೀರದಂತೆ ಕೊಟ್ಟರೆ ಭಯವಿಲ್ಲ. ಮೊಲಕ್ಕೆ ಆ ರಕ್ಷಣೆಯಿಲ್ಲ.

ಪೆರು, ಈಕ್ವೆಡಾರ್‌ಗಳಲ್ಲಿ ಮಾಂಸಕ್ಕೆ ಸಾಕುವ ಗಿನಿಪಿಗ್‌ಗೂ ಆ ರಕ್ಷಣೆ ಇಲ್ಲ. ಅಲ್ಲಿನ ಹೆಂಗಸರು ಅದಕ್ಕೆ ಕುದುರೆ ಮಸಾಲೆ ಸೊಪ್ಪು, ಮುಸುಕಿನ ಜೋಳದ ಗರಿ, ಅಡುಗೆಮನೆಯ ಸಿಪ್ಪೆ ಹಾಕಿ ಕಾಸಿಲ್ಲದೆ ಸಾಕುತ್ತಾರೆ. ಕುರಿಯ ಮೈ ತಾನೇ ತಯಾರಿಸಿಕೊಳ್ಳುವ ವಿಟಮಿನ್ ಸಿ ಗಿನಿಪಿಗ್ ಮೈಯಲ್ಲಿ ಆಗುವುದಿಲ್ಲ, ಹಾಗಾಗಿ ಒಣ ಹುಲ್ಲೊಂದನ್ನೇ ಹಾಕಿದರೆ ಕಾಯಿಲೆ ಬೀಳುತ್ತದೆ. ನಮ್ಮ ಬೇಲಿಗಳ ಗೊಬ್ಬರದ ಗಿಡ ಗ್ಲಿರಿಸಿಡಿಯಾವನ್ನು ಒಂದು ದಿನ ಬಾಡಿಸಿ ವಾಸನೆ ಕಳೆದು ಕೊಟ್ಟರೆ ಆಡು ಒಗ್ಗಿಸಿಕೊಳ್ಳುತ್ತದೆ. ಗಿನಿಪಿಗ್‌ಗೆ ಮಾತ್ರ ಅದು ಬೇಡ: ಆ ಲ್ಯಾಟಿನ್ ಹೆಸರಿನ ಅರ್ಥವೇ ‘ಇಲಿ ಕೊಲ್ಲುವುದು’, ಮತ್ತು ಗಿನಿಪಿಗ್ ಇಲಿಯ ಬಳಗದ್ದು.