ದೂರವಿದ್ದು ಕೂಡಿ ಮಾಡುವ ಕೆಲಸ

ನಮ್ಮ ಊರಿನಲ್ಲಿ ಕೆಲಸಕ್ಕೆ ಹೋಗುವುದೆಂದರೆ ಬುತ್ತಿ ಕಟ್ಟಿಕೊಂಡು ಮನೆಯಿಂದ ಹೊರಬೀಳುವುದು. ಆದುದರಿಂದ, ನನ್ನ ಅಕ್ಕ ಹಜಾರದ ಮೂಲೆಯಲ್ಲಿ ಮೇಜು ಹಾಕಿಕೊಂಡು, ಲ್ಯಾಪ್‌ಟಾಪಿನ ಮುಂದೆ ಕುಳಿತು, “ಇದೇ ನನ್ನ ಆಫೀಸು” ಎಂದಾಗ ನಮ್ಮ ತಂದೆಯವರಿಗೆ ನಂಬಿಕೆ ಬರಲಿಲ್ಲ. ಅವಳ ತಂಡದಲ್ಲಿ ಏಳು ಮಂದಿ: ಇಬ್ಬರು ಬೆಂಗಳೂರಿನಲ್ಲಿ, ಒಬ್ಬರು ಪುಣೆಯಲ್ಲಿ, ಮೂವರು ಅಮೆರಿಕದ ಷಿಕಾಗೋದಲ್ಲಿ, ಏಳನೆಯವಳು ನಮ್ಮ ಹಜಾರದಲ್ಲಿ. ಹೀಗೆ ಚದುರಿದವರಿಂದ ಒಂದೇ ಕೆಲಸವನ್ನು ಮಾಡಿಸುವುದು ಹೇಗೆ? ನಾನು ಕಲಾ ವಿಭಾಗದ ವಿದ್ಯಾರ್ಥಿ, ಯಂತ್ರವಿದ್ಯೆ ಬಲ್ಲವನಲ್ಲ. ಆದರೆ ಇದು ಯಂತ್ರಕ್ಕಿಂತ ಹೆಚ್ಚಾಗಿ ಮಾತಿಗೆ ಸೇರಿದ ವಿಷಯವೆಂದು ನನಗೆ ತೋರುತ್ತದೆ.

ಒಂದೇ ಕೋಣೆಯಲ್ಲಿ ದುಡಿಯುವವರಿಗೆ ಅರ್ಧ ಸಂಗತಿ ಹೇಳದೆಯೇ ತಿಳಿಯುತ್ತದೆ. ಪಕ್ಕದವನ ಹುಬ್ಬು ಗಂಟಿಕ್ಕಿದರೆ ಸಾಕು, ಎಲ್ಲೋ ತಪ್ಪಿದೆ ಎಂದು ಗೊತ್ತಾಗುತ್ತದೆ. ದೂರದವರಿಗೆ ಈ ಸೌಕರ್ಯವಿಲ್ಲ. ಅಲ್ಲಿ ಹೇಳದೆ ಉಳಿದುದು ತಿಳಿಯದೆಯೇ ಉಳಿಯುತ್ತದೆ.

ಇದಕ್ಕೆ ದೊಡ್ಡದೊಂದು ನಿದರ್ಶನವುಂಟು. ಅಮೆರಿಕದ ನಾಸಾ ಸಂಸ್ಥೆ 1998ರ ಡಿಸೆಂಬರಿನಲ್ಲಿ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆಯನ್ನು ಮಂಗಳ ಗ್ರಹಕ್ಕೆ ಕಳುಹಿಸಿತು. ನೌಕೆಯನ್ನು ಕಟ್ಟಿದ ಲಾಕ್‌ಹೀಡ್ ಮಾರ್ಟಿನ್ ತಂಡ ಕೊಲೊರಾಡೋ ರಾಜ್ಯದಲ್ಲಿ. ದಾರಿಯನ್ನು ಲೆಕ್ಕಹಾಕುವ ತಂಡ ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ. ನಡುವೆ ಸಾವಿರ ಕಿಲೋಮೀಟರಿಗೂ ಮೀರಿದ ಅಂತರ. ನೌಕೆಯ ಚಿಕ್ಕ ಎಂಜಿನ್‌ಗಳು ಉರಿದಾಗಲೆಲ್ಲ ಎಷ್ಟು ನೂಕಿದವೆಂಬ ಲೆಕ್ಕ ಮೊದಲನೆಯವರಿಂದ ಎರಡನೆಯವರಿಗೆ ಹೋಗುತ್ತಿತ್ತು. ಕಳುಹಿಸಿದವರ ಲೆಕ್ಕ ಪೌಂಡುಗಳಲ್ಲಿ; ಪಡೆದವರು ಅದನ್ನು ನ್ಯೂಟನ್ ಎಂದೇ ಎಣಿಸಿದರು. ಒಂದು ಪೌಂಡ್ ಬಲವೆಂದರೆ ಸುಮಾರು 4.45 ನ್ಯೂಟನ್! ನ್ಯೂಟನ್ನಿನಲ್ಲಿಯೇ ಕೊಡಬೇಕೆಂದು ಕಾಗದದ ಮೇಲೆ ಬರೆದೂ ಇದ್ದಿತು. ನೌಕೆ ಎಣಿಸಿದ ಹಾದಿಯಲ್ಲಿಲ್ಲವೆಂಬ ಸಂದೇಹ ದಾರಿ ನೋಡುವವರಿಗೆ ಬಾರದಿರಲಿಲ್ಲ. ಆದರೆ ಆ ಸಂದೇಹ ಇ-ಮೇಲುಗಳಲ್ಲಿಯೂ ಆಡುಮಾತಿನಲ್ಲಿಯೂ ಸುಳಿದಾಡಿತೇ ಹೊರತು, ಉತ್ತರ ಕೊಡಲೇಬೇಕಾದ ಕ್ರಮಬದ್ಧ ದೂರಾಗಿ ದಾಖಲಾಗಲಿಲ್ಲ. 1999ರ ಸೆಪ್ಟೆಂಬರ್ 23ರಂದು, ನೆಲದಿಂದ ಸುಮಾರು 226 ಕಿಲೋಮೀಟರ್ ಎತ್ತರದಲ್ಲಿ ಸಾಗಬೇಕಾಗಿದ್ದ ನೌಕೆ 57 ಕಿಲೋಮೀಟರಿನಷ್ಟು ಕೆಳಗಿಳಿದು ಇಲ್ಲವಾಯಿತು. ಲೆಕ್ಕ ತಪ್ಪಿದುದಕ್ಕಿಂತ, ಅನುಮಾನ ಹುಟ್ಟಿಯೂ ದಡ ಸೇರದೆ ಹೋದುದೇ ನನ್ನನ್ನು ಹೆಚ್ಚು ಕಾಡುವ ಸಂಗತಿ.

ನಮ್ಮ ಅಕ್ಕನದು ಇದರ ಮುಂದೆ ಅಣುವಿನಷ್ಟು. ಸೇರಿದ ಹೊಸತರಲ್ಲಿ ಅವಳಿಗೆ ಬಂದ ಟಿಪ್ಪಣಿಯೊಂದರಲ್ಲಿ 06-07ಕ್ಕೆ ಕೆಲಸ ಮುಗಿಯಬೇಕೆಂದಿತ್ತು. ಅವಳು ಜುಲೈ 6 ಎಂದುಕೊಂಡಳು. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. ಅವರ ಪಾಲಿಗೆ ಅದು ಜೂನ್ 7. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ದಿನವೇ ಎಂದು ಅವಳಿಗೂ ಅನಿಸಿತ್ತಂತೆ. ಕೇಳಲಿಲ್ಲ. ಕೇಳಿದರೆ ‘ಹಳ್ಳಿ ಹುಡುಗಿ, ಇಷ್ಟೂ ತಿಳಿಯದು’ ಎಂದಾರೆಂಬ ಅಂಜಿಕೆ. ಅಂದು ರಾತ್ರಿ ಬೈಸಿಕೊಂಡು ಅಡಿಗೆಮನೆಯಲ್ಲಿ ಅತ್ತಳು. ಮನೆಯಲ್ಲಿ ಮೊದಲ ಬಾರಿ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರಿಗೆ ಈ ಅಂಜಿಕೆ ಹೊಸದಲ್ಲ. ‘ಅರ್ಥವಾಯಿತೆ?’ ಎಂದು ಅಧ್ಯಾಪಕರು ಕೇಳಿದಾಗ ಏನೂ ಅರ್ಥವಾಗದೆ ನಾನೂ ಎಷ್ಟು ಸಲ ತಲೆಯಾಡಿಸಿಲ್ಲ! ಮೇಲಾಗಿ ನಮ್ಮ ‘ಹೂಂ’ ಎಂಬುದು ‘ಕೇಳಿಸಿತು’ ಎಂಬುದಕ್ಕೂ ಸಲ್ಲುತ್ತದೆ, ‘ಒಪ್ಪಿದೆ’ ಎಂಬುದಕ್ಕೂ ಸಲ್ಲುತ್ತದೆ. ಎದುರಿಗಿದ್ದವರು ಮುಖ ನೋಡಿ ಯಾವುದೆಂದು ತಿಳಿದಾರು, ಷಿಕಾಗೋದವರು ತಿಳಿಯುವುದೆಂತು?

ಆಮೇಲೆ ಬಂದ ಮೇಲ್ವಿಚಾರಕಿ ಪದ್ಧತಿಯನ್ನೇ ಬದಲಿಸಿದರು. ನಮ್ಮಲ್ಲಿ ರಾತ್ರಿ ಒಂಬತ್ತೂವರೆಯಾದಾಗ ಚಳಿಗಾಲದ ಷಿಕಾಗೋದಲ್ಲಿ ಬೆಳಗಿನ ಹತ್ತು ಗಂಟೆ. ಆಗ ಅರ್ಧ ಗಂಟೆ ಏಳು ಮಂದಿಯೂ ಮಾತಿಗೆ ಕೂಡುತ್ತಾರೆ. ‘ತಿಳಿಯಿತೆ?’ ಎಂದು ಅವರು ಕೇಳುವುದಿಲ್ಲ. ‘ನಾಳೆ ನೀವು ಮಾಡುವುದೇನೆಂದು ನಿಮ್ಮ ಮಾತಿನಲ್ಲಿ ಹೇಳಿ’ ಎನ್ನುತ್ತಾರೆ. ತಪ್ಪು ತಿಳಿದಿದ್ದರೆ ಅಲ್ಲಿಯೇ ಹೊರಬೀಳುತ್ತದೆ. ತೀರ್ಮಾನಗಳನ್ನು ಸರದಿಯಂತೆ ಒಬ್ಬರು ಅಂದೇ ಬರೆದು ಎಲ್ಲರೂ ನೋಡುವ ಒಂದೇ ಕಡೆ ಇಡುತ್ತಾರೆ. ತಿಂಗಳನ್ನು ಅಂಕಿಯಲ್ಲಲ್ಲ, ಹೆಸರಿನಲ್ಲಿ ಬರೆಯಬೇಕೆಂಬ ನಿಯಮ ಅಕ್ಕನ ಸಲಹೆಯಿಂದ ಬಂದುದು. ಅದನ್ನು ಅವಳು ನನಗೆ ಮೂರು ಸಲ ಹೇಳಿದ್ದಾಳೆ.

ತಂದೆಯವರು ಆ ಅರ್ಧ ಗಂಟೆ ಟಿ.ವಿ.ಯ ಸದ್ದು ತಗ್ಗಿಸುತ್ತಾರೆ. ಯಾರಾದರೂ ಬಾಗಿಲು ಬಡಿದರೆ ತಾವೇ ಎದ್ದು ಹೋಗಿ, “ಮಗಳು ಆಫೀಸಿನಲ್ಲಿದ್ದಾಳೆ” ಎನ್ನುತ್ತಾರೆ.